ಅಳುಮುಂಜಿ ಅಂತ ಬೇಡ ಅಂತೀಯಾ ಪುಟ್ಟು?

ಪುಟ್ಟು, ಟೈಪ್ ಮಾಡ್ತಾ ಕೂತ್ರೆ ನಂಗೆ ರಾತ್ರಿ ಆಗತ್ತೆ, ಅದಕ್ಕೇ ಮಾತಾಡಿ ಕಳಿಸ್ತಿದೀನಿ. ಮಗಳ ಈಜು ಕ್ಲಾಸ್ ಮುಗಿಯೋಕೆ ಇನ್ನೂ ಇಪ್ಪತ್ತು ನಿಮಿಷ ಇದೆ, ಕಾರಲ್ಲೇ ಇದೀನಿ. ಈ 2024ರ ಎನ್‌ಎಫ್‌ಎಲ್ ಡ್ರಾಫ್ಟ್, ಅಂದ್ರೆ ಅಮೆರಿಕನ್ ಫುಟ್‌ಬಾಲ್ ಟೀಮುಗಳು ಹೊಸ ಹುಡುಗರನ್ನ ಆರಿಸ್ಕೊಳ್ಳೋದರ ಬಗ್ಗೆ ಬೆಳಿಗ್ಗೆ ಗ್ರೂಪಲ್ಲಿ ಹಾಕಿದ್ದೆಯಲ್ಲ, "ಅತ್ತೆ, ನಿಮ್ಮ ಶಿಕಾಗೋ ಬೇರ್ಸ್ ಜೇಡನ್ ಡೇನಿಯಲ್ಸ್‌ನ ತಗೋಬೇಕು, ಆ ಕೇಲಬ್ ವಿಲಿಯಮ್ಸ್ ಅಳುಮುಂಜಿ, ಉಗುರಿಗೆ ಬಣ್ಣ ಬೇರೆ" ಅಂತ. ಇಬ್ರೂ ಕಾಲೇಜು ಟೀಮಿನ ಕ್ವಾರ್ಟರ್‌ಬ್ಯಾಕ್‌ಗಳು, ಅಂದ್ರೆ ಚೆಂಡು ಎಸೆದು ಆಟ ನಡೆಸೋರು. ಬಾ, ಕೇಳು.

ಅದಕ್ಕೂ ಮುಂಚೆ ಅಣ್ಣಂಗೆ ಒಂದ್ಮಾತು. ಇದು ಐಪಿಎಲ್ ಹರಾಜಿನ ಥರಾನಾ ಅಂತ ಮೈಸೂರಿಂದ ಕೇಳಿದ್ಯಲ್ಲ, ಅಲ್ಲ ಕಣಣ್ಣ. ಇಲ್ಲಿ ದುಡ್ಡು ಕೂಗೋ ಹಾಗಿಲ್ಲ. ಹಿಂದಿನ ಸೀಸನ್‌ನಲ್ಲಿ ಯಾರು ಎಲ್ರಿಗಿಂತ ಜಾಸ್ತಿ ಸೋತ್ರೋ ಅವರು ಕಾಲೇಜು ಹುಡುಗರಲ್ಲಿ ಮೊದಲು ಆರಿಸ್ಕೋತಾರೆ. ಬೇಕಿದ್ರೆ ಆ ಸರದೀನ ಇನ್ನೊಬ್ಬರಿಗೆ ಕೊಟ್ಟು ಬೇರೇನಾದ್ರೂ ಇಸ್ಕೋಬಹುದು. 2023ರಲ್ಲಿ ಪುಟ್ಟು ಊರಿನ ಟೀಮು, ಆ ಕ್ಯಾರೊಲಿನಾ ಪ್ಯಾಂಥರ್ಸ್, ಕ್ವಾರ್ಟರ್‌ಬ್ಯಾಕ್ ಬ್ರೈಸ್ ಯಂಗ್ ಬೇಕು ಅಂತ ನಮ್ಮ ಬೇರ್ಸ್‌ನ ಮೊದಲ ಸರದಿ ತಗೊಂಡು, ಎಸೆದ ಚೆಂಡು ಹಿಡಿಯೋ ರಿಸೀವರ್ ಡಿ. ಜೆ. ಮೂರ್‌ನೂ ಕೊಟ್ರು, 2024ರ ತಮ್ಮ ಸರದೀನೂ ಕೊಟ್ರು. ಆಮೇಲೆ 17 ಆಟದಲ್ಲಿ ಗೆದ್ದಿದ್ದು ಎರಡೇ ಎರಡು! ಅವರು ಸೋತ್ರು, ಮೊದಲ ಸರದಿ ಮತ್ತೆ ನಮಗೇ ಬಂತು. ಪುಟ್ಟುಗೆ ಹೊಟ್ಟೆ ಉರಿ ಅದಕ್ಕೇ, ಡೇನಿಯಲ್ಸ್ ಮೇಲೆ ಪ್ರೀತಿ ಉಕ್ಕಿ ಅಲ್ಲ.

ಈಗ ಅಳೋ ವಿಷಯ. 2023ರ ನವೆಂಬರ್‌ನಲ್ಲಿ ಕೇಲಬ್‌ನ ಕಾಲೇಜು ಟೀಮು ಯುಎಸ್‌ಸಿ, ವಾಷಿಂಗ್ಟನ್ ಯೂನಿವರ್ಸಿಟಿ ಎದುರು 52-42ರಲ್ಲಿ ಸೋತಾಗ ಆ ಹುಡುಗ ಗ್ಯಾಲರಿ ಹತ್ರ ಹೋಗಿ ಅಮ್ಮನ್ನ ತಬ್ಕೊಂಡು ಅತ್ತ. ಅಷ್ಟೇ ತಾನೇ? 42 ಪಾಯಿಂಟ್ ಹೊಡೆದೂ ಸೋತ್ರೆ ಅದು ಕ್ವಾರ್ಟರ್‌ಬ್ಯಾಕ್ ತಪ್ಪಾ, ಡಿಫೆನ್ಸ್ ತಪ್ಪಾ ನೀನೇ ಹೇಳು. ಪಿಯುಸಿ ಗಣಿತದ ಪೇಪರ್ ಬರೆದು ಬಂದು ಅಜ್ಜಿ ಸೆರಗಲ್ಲಿ ಮುಖ ಮುಚ್ಕೊಂಡಿದ್ದು ಯಾರು ಅಂತ ಇಡೀ ಗ್ರೂಪಿಗೆ ಗೊತ್ತು.

ಅವನಲ್ಲಿ ಕೊರತೆ ಇಲ್ಲ ಅಂತಲ್ಲ. ನೋಟರ್ ಡೇಮ್ ಕಾಲೇಜು ಎದುರು ಮೂರು ಸಲ ಚೆಂಡು ಅವರ ಕೈಗೇ ಹಾಕಿದ. ಬೇಗ ಬಿಡು ಮಾರಾಯ ಅಂತ ನಾವು ಸೋಫಾದಲ್ಲಿ ಕೂತು ಕೂಗಿದ್ರೂ ಅವನು ಚೆಂಡು ಹಿಡ್ಕೊಂಡು ಓಡಾಡ್ತಾನೇ ಇರ್ತಾನೆ. ಆದ್ರೆ 2021ರಲ್ಲಿ ಓಕ್ಲಹೋಮಾದಲ್ಲಿದ್ದಾಗ ಟೆಕ್ಸಾಸ್ ಎದುರು ಆಡಿದ್ದು ನೋಡಿದೀಯಾ? ಮೊದಲ ವರ್ಷದ ಹುಡುಗ. ನಾಲ್ಕನೇ ಡೌನ್, ಅಂದ್ರೆ ಕೊನೇ ಚಾನ್ಸ್, ಒಂದೇ ಒಂದು ಗಜ ಬೇಕು ಅಂತ ಒಳಗೆ ಕಳಿಸಿದ್ರೆ 66 ಗಜ ಓಡಿ ಎದುರಾಳಿ ಕೊನೇ ಗೆರೆ ದಾಟಿ ಟಚ್‌ಡೌನ್ ಮಾಡ್ಬಿಟ್ಟ. 21 ಪಾಯಿಂಟ್ ಹಿಂದಿದ್ದ ಟೀಮು 55-48ರಲ್ಲಿ ಗೆತ್ಕೊಂಡು ಹೋಯ್ತು.

ಡೇನಿಯಲ್ಸ್ ಏನು ಕಡಿಮೆ ಅಲ್ಲ, ಒಪ್ಕೋತೀನಿ. 40 ಟಚ್‌ಡೌನ್‌ಗೆ ನಾಲ್ಕೇ ಇಂಟರ್‌ಸೆಪ್ಷನ್ (ಎಸೆದ ಚೆಂಡು ಎದುರಾಳಿ ಕೈ ಸೇರೋದು), ಮೇಲೆ ಕಾಲೇಜು ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡೋ ಹೈಸ್‌ಮನ್ ಟ್ರೋಫಿ. ಆದ್ರೆ ಕಡ್ಡಿ ಥರ ಮೈ, ಓಡುವಾಗ ಬಗ್ಗೋದೇ ಇಲ್ಲ. ಅಲಬಾಮಾ ಎದುರು ಬಿದ್ದ ಏಟಿಗೆ ಆಟಾನೇ ಬಿಟ್ಟು ಹೋಗ್ಬೇಕಾಯ್ತಲ್ಲ. ಇನ್ನು ಮತ್ತೊಬ್ಬ ಕ್ವಾರ್ಟರ್‌ಬ್ಯಾಕ್ ಡ್ರೇಕ್ ಮೇ ಸುದ್ದಿ ಎತ್ತಲೇಬೇಡ. ನಾರ್ತ್ ಕ್ಯಾರೊಲಿನಾ ಕಾಲೇಜು ಅಂದ್ರೆ ಸಾಕು, ನಿಮ್ಮ ಮಾವ ಎದ್ದು ಅಡುಗೆಮನೆಗೆ ಹೋಗ್ತಾರೆ. 2017ರಲ್ಲಿ ಮೂರರಿಂದ ಎರಡನೇ ಸರದಿಗೆ ಏರೋಕೆ ಅಂತಾನೇ ಇನ್ನೂ ಮೂರು ಸರದಿ ಕೊಟ್ಟು ಅದೇ ಕಾಲೇಜಿಂದ ಕ್ವಾರ್ಟರ್‌ಬ್ಯಾಕ್ ಟ್ರುಬಿಸ್ಕಿನ ತಂದ್ವಿ. ಆಮೇಲೆ ದೊಡ್ಡ ಸ್ಟಾರ್ ಆದ ಮಹೋಮ್ಸ್ ಹತ್ತನೇ ಸರದೀವರೆಗೂ ಹಾಗೇ ಉಳಿದಿದ್ದ! ಇದರಲ್ಲಿ ಮೇ ತಪ್ಪೇನೂ ಇಲ್ಲ, ಆದ್ರೂ ಸುಟ್ಟ ಬಾಯಿ ಮಜ್ಜಿಗೇನೂ ಊದತ್ತೆ.

ನನ್ನ ಭಯ ಬೇರೆ ಪುಟ್ಟು. ಒಂದು ಸೀಸನ್‌ನಲ್ಲಿ ನಾಲ್ಕು ಸಾವಿರ ಗಜ ಪಾಸ್ ಮಾಡಿದ ಒಬ್ಬನೇ ಒಬ್ಬ ನಮ್ಮ ಟೀಮಲ್ಲಿ ಇವತ್ತಿನವರೆಗೂ ಹುಟ್ಟಿಲ್ಲ. 1995ರಲ್ಲಿ ಎರಿಕ್ ಕ್ರೇಮರ್ 3838 ಮಾಡಿದ್ದೇ ಈ 2024ರವರೆಗೂ ದಾಖಲೆ. ನಮ್ಮ ಹಿಂದಿನ ಕ್ವಾರ್ಟರ್‌ಬ್ಯಾಕ್ ಫೀಲ್ಡ್ಸ್ ಕೆಟ್ಟ ಹುಡುಗನಾ? 2022ರಲ್ಲಿ ಅವನನ್ನ 55 ಸಲ ಕೆಡವಿದ್ರು, ಆಗ ಚೆಂಡು ಹಿಡಿಯೋಕೆ ಆ ಕಡೆ ನೆಟ್ಟಗೆ ಒಬ್ಬನೂ ಇರ್ಲಿಲ್ಲ. ಕೊನೆಗೆ ಆರನೇ ಸುತ್ತಿನ ಒಂದು ಸರದಿಗೆ ಪಿಟ್ಸ್‌ಬರ್ಗ್‌ಗೆ ಕಳಿಸಿದ್ರು. ಅವನ ಜರ್ಸಿ ನಮ್ಮ ಹುಡುಗಿ ಇವತ್ತೂ ರಾತ್ರಿ ಹಾಕ್ಕೊಂಡು ಮಲಗ್ತಾಳೆ.

ಅದಕ್ಕೇ ಹೇಳ್ತೀನಿ, ಇದೇ 2024ರ ಏಪ್ರಿಲ್ 25ಕ್ಕೆ ಡೆಟ್ರಾಯ್ಟ್‌ನಲ್ಲಿ ಮೊದಲು ಕೇಲಬ್ ಹೆಸರು ಕೂಗ್ಲಿ, ಅದರಲ್ಲಿ ನಂಗೆ ಅನುಮಾನ ಇಲ್ಲ. ಮೂರ್ ಇದಾನೆ, ಕೀನನ್ ಆಲನ್ ಬಂದಿದಾನೆ. ಒಂಬತ್ತನೇ ಸರದೀನೂ ನಮ್ಮದೇ. ಅದರಲ್ಲಿ ಇನ್ನೊಬ್ಬ ರಿಸೀವರ್ ತಗೊಳ್ದೆ ಯಾರೋ ಡಿಫೆನ್ಸ್‌ನೋನ ಹೆಸರು ಕೂಗಿದ್ರೆ ಮಾತ್ರ ನಾನೇ ನಿಂಗೆ ಫೋನ್ ಮಾಡ್ತೀನಿ, ಆಗ ಎಷ್ಟು ಬೇಕಾದ್ರೂ ಬೈಕೋ.