‘ಚಿಪ್ಪು ಬದಲಾವಣೆ’, ‘ಪುನರುತ್ಪಾದಕ ಚಿಕಿತ್ಸೆ’: ಈ ಪದಪ್ರಯೋಗಗಳು ಸರಿಯೇ?

ಮಾನ್ಯರೇ,

ದಾವಣಗೆರೆಯ ಆಸ್ಪತ್ರೆಯೊಂದರ ಮೂಳೆರೋಗ ವಿಭಾಗಕ್ಕೆ ಬರುವವರಿಗಾಗಿ ಸಿದ್ಧವಾಗುತ್ತಿರುವ, ಮಂಡಿನೋವು ಮತ್ತು ಸೊಂಟನೋವಿನ ಚಿಕಿತ್ಸೆಗಳ ಕೈಪಿಡಿಯ ಕನ್ನಡವನ್ನು ತಿದ್ದುತ್ತಿದ್ದೇನೆ. ಅದರ ಕೆಲವು ಪದಗಳ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ.

‘ಮಂಡಿಚಿಪ್ಪು ಸವ್ದೈತಂತೆ, ಬೇರೆ ಹಾಕಿಸ್ಬೇಕಂತೆ’ ಎಂಬುದು ಇಲ್ಲಿನ ಮಾತು. ಆದರೆ ಆ ಶಸ್ತ್ರಚಿಕಿತ್ಸೆಯಲ್ಲಿ ತೊಡೆಮೂಳೆಯ ಕೆಳತುದಿ ಮತ್ತು ಅದರ ಕೆಳಗಿನ ಮೂಳೆಯ ಮೇಲ್ತುದಿಗಳಿಂದ ಸವೆದ ಪದರವನ್ನು ತೆಳುವಾಗಿ ಕತ್ತರಿಸಿ, ಲೋಹದ ಹೊದಿಕೆಗಳನ್ನು ಕೂರಿಸಿ, ನಡುವೆ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನ ಬಿಲ್ಲೆಯನ್ನು ಇಡುತ್ತಾರೆ. ಮುಂದಿನ ಚಿಪ್ಪನ್ನು ಎಷ್ಟೋ ಸಲ ಹಾಗೆಯೇ ಬಿಡುತ್ತಾರೆ. ಮುಟ್ಟಿದರೂ ಅದರ ಹಿಂಬದಿಯನ್ನಷ್ಟೇ ಬದಲಿಸುತ್ತಾರೆ. ‘ಕೀಲು ಮರುಜೋಡಣೆ’ ಎಂದರೆ ಕಳಚಿದ್ದನ್ನೇ ಮತ್ತೆ ಕೂಡಿಸಿದಂತಾಗುತ್ತದೆ. ಆದ್ದರಿಂದ ‘ಮಂಡಿಕೀಲು ಬದಲಾವಣೆ’ ಎಂದು ಬರೆದು, ಚಿಪ್ಪಿನ ವಿಷಯವನ್ನು ಒಂದು ವಾಕ್ಯದಲ್ಲಿ ವಿವರಿಸಿದ್ದೇನೆ.

ನಿಜವಾದ ತೊಡಕು, ಪಿ.ಆರ್.ಪಿ., ಆಕರಕೋಶ (ಸ್ಟೆಮ್ ಸೆಲ್) ಮುಂತಾದ ಚಿಕಿತ್ಸೆಗಳ ಗುಂಪಿಗಿರುವ ‘ರೀಜನರೇಟಿವ್’ ಎಂಬ ಹೆಸರಿನದು. ಕರಡಿನಲ್ಲಿ ಇದು ‘ಪುನರುತ್ಪಾದಕ’ ಎಂದಿದೆ. ‘ಉತ್ಪಾದಕ’ ಕರ್ತೃವಾಚಕವಾದ್ದರಿಂದ, ಸವೆದುಹೋದದ್ದನ್ನು ಈ ಚಿಕಿತ್ಸೆ ಮತ್ತೆ ಹುಟ್ಟಿಸುತ್ತದೆ ಎಂಬ ಭರವಸೆ ಹೆಸರಿನಲ್ಲೇ ಸೇರಿಬಿಡುತ್ತದೆ. ಪಿ.ಆರ್.ಪಿ. ಎಂಬುದರಲ್ಲಿ ರೋಗಿಯದೇ ರಕ್ತವನ್ನು ತೆಗೆದು, ಯಂತ್ರದಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ಹೆಚ್ಚಿರುವ ಪ್ಲಾಸ್ಮಾವನ್ನು ಕೀಲಿಗೆ ಚುಚ್ಚುತ್ತಾರೆ. ಇದರಿಂದ ನೋವು ತಗ್ಗಿತೆನ್ನುವ ಅಧ್ಯಯನಗಳಿವೆ; ಆದರೆ 288 ಮಂದಿಯ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವರ್ಷದ ನಂತರ ನೋವಿನಲ್ಲಾಗಲಿ ಮೃದ್ವಸ್ಥಿಯ (ಮೂಳೆಯ ತುದಿಯನ್ನು ಹೊದ್ದಿರುವ ನುಣುಪಾದ ಪದರ, ಕಾರ್ಟಿಲೇಜ್) ಗಾತ್ರದಲ್ಲಾಗಲಿ ಬರಿಯ ಲವಣದ್ರಾವಣದ ಚುಚ್ಚುಮದ್ದಿಗೂ ಇದಕ್ಕೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆಕರಕೋಶಗಳ ಮಾತು ಇನ್ನೂ ಬಿಗಿಯಾದದ್ದು: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಮಂಡಿನೋವಿಗೆ ಅವುಗಳನ್ನು ಕ್ಲಿನಿಕಲ್ ಪ್ರಯೋಗದ ಹೊರಗೆ ಬಳಸುವಂತಿಲ್ಲ. ಹೀಗಿರುವಾಗ ರೋಗಿಯ ಕೈಗೆ ಕೊಡುವ ಪುಸ್ತಿಕೆಯಲ್ಲಿ ‘ಪುನರುತ್ಪಾದಕ’ ಎನ್ನುವುದು ಜಾಹೀರಾತಿನ ಭಾಷೆಯಾದೀತು. ‘ಪುನಶ್ಚೇತನ’ ಎನ್ನೋಣವೆಂದರೆ ಶಸ್ತ್ರಚಿಕಿತ್ಸೆಯ ನಂತರದ ವ್ಯಾಯಾಮಾದಿಗಳಿಗೆ ಅದು ಈಗಾಗಲೇ ಬಳಕೆಯಲ್ಲಿದೆ. ಗುಂಪಿಗೆ ಹೆಸರಿಡುವ ಗೋಜೇ ಬೇಡ, ‘ಪ್ಲೇಟ್‌ಲೆಟ್ ಚುಚ್ಚುಮದ್ದು’ ಎಂದು ಮಾಡುವ ಕೆಲಸವನ್ನೇ ಹೆಸರಿಸಿದರೆ ಸಾಕು ಎಂಬುದು ನನ್ನ ಒಲವು. ಒಪ್ಪದವರು ಬೇರೆ ಪದ ಸೂಚಿಸಬೇಕು.

‘ಡಿಸ್ಕ್ ಜಾರಿದೆ’ ಎಂಬುದನ್ನು ‘ಡಿಸ್ಕ್ ಉಬ್ಬಿದೆ’ ಎಂದು ತಿದ್ದಿದ್ದೇನೆ. ಬೆನ್ನೆಲುಬಿನ ಬಿಲ್ಲೆ ಜಾರುವುದಿಲ್ಲ, ಅದರ ಒಳತಿರುಳು ಹೊರಚಾಚಿ ನರವನ್ನು ಒತ್ತುತ್ತದೆ. ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆಯಿಲ್ಲದೆಯೇ ಕೆಲವು ವಾರಗಳಲ್ಲಿ ನೋವು ಇಳಿಯುತ್ತದೆ. ಜಾರಿದೆ ಎಂದು ಕೇಳಿದವರು ಅದನ್ನು ‘ಕೂರಿಸುವವರನ್ನು’ ಹುಡುಕಿ ಹೋಗುತ್ತಾರೆ.

ಕೊನೆಯದಾಗಿ, ‘ಮೃದ್ವಸ್ಥಿ’ ಪಠ್ಯಪುಸ್ತಕದಾಚೆ ಯಾರ ಬಾಯಲ್ಲೂ ಇಲ್ಲ. ಕುರಿ ಕೊಯ್ಯುವವರು ಮೂಳೆಯ ತುದಿಯ ಬಿಳಿಯ, ನುಣುಪಾದ ಭಾಗಕ್ಕೆ ಏನೆನ್ನುತ್ತಾರೆ? ಚಳ್ಳಕೆರೆ, ಹಿರಿಯೂರು ಕಡೆಯವರು ವಿಚಾರಿಸಿ ತಿಳಿಸಿದರೆ ಉಪಕಾರವಾಗುತ್ತದೆ.