ಕಬಡ್ಡಿ ಹುಡುಗರ ಫಿಟ್‌ನೆಸ್ ಟೆಸ್ಟ್: ಇಷ್ಟೆಲ್ಲಾ ನಂಬರ್ ಇಟ್ಟುಕೊಂಡು ಏನು ಮಾಡಬೇಕು?

ಗುಬ್ಬಿ ರೈಡರ್:
ನಮಸ್ಕಾರ. ತುಮಕೂರಿನಲ್ಲಿ ಪಿಯು ಹುಡುಗರ ಕಬಡ್ಡಿ ತಂಡ ನೋಡಿಕೊಳ್ಳುತ್ತೇನೆ. ಅರ್ಧ ಜನ ಗುಬ್ಬಿ, ಕುಣಿಗಲ್ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುವವರು. ಪ್ರತಿ ಸೋಮವಾರ ಗೋಡೆಗೆ ಸುಣ್ಣದ ಗುರುತು ಹಾಕುವ ಜಂಪ್, 30 ಮೀಟರ್ ಓಟ, ಬೀಪ್ ಟೆಸ್ಟ್ (ಬೀಪ್ ಸದ್ದಿಗೆ ಸರಿಯಾಗಿ ಅತ್ತಿಂದಿತ್ತ ಓಡುತ್ತಾ ವೇಗ ಏರಿಸುವುದು), ಸ್ಕ್ವಾಟ್‌ನಲ್ಲಿ (ಹೆಗಲ ಮೇಲೆ ತೂಕ ಹೊತ್ತು ಕೂತು ಏಳುವುದು) ಒಂದೇ ಸಲ ಎತ್ತುವ ಗರಿಷ್ಠ ತೂಕ, ಎಲ್ಲಾ ಮಾಡಿಸಿ ಎಕ್ಸೆಲ್‌ನಲ್ಲಿ ಹಾಕುತ್ತೇನೆ. ನನ್ನ ಮೇನ್ ರೈಡರ್ ಹೋದ ವಾರ 46 ಸೆಂ.ಮೀ. ಹಾರಿದ, ಈ ವಾರ 44. ಸುಸ್ತಾಗಿದ್ದಾನಾ? ಪ್ರಾಕ್ಟೀಸ್ ಕಡಿಮೆ ಮಾಡಲಾ? ಇನ್ನೊಂದು ವಿಷಯ, ಜಿಪಿಎಸ್ ವೆಸ್ಟ್ (ಆಟಗಾರ ಎಷ್ಟು ದೂರ, ಎಷ್ಟು ವೇಗವಾಗಿ ಓಡಿದ ಅಂತ ಅಳೆಯುವ ಬನಿಯನ್) ಕೊಡಿಸುತ್ತೇನೆ ಅಂತ ದಾನಿಯೊಬ್ಬರು ಮುಂದೆ ಬಂದಿದ್ದಾರೆ. ತಗೊಳ್ಳಬಹುದಾ?

ಕೋಲಾರದ ಡಿಫೆಂಡರ್:
ವೆಸ್ಟ್ ಬೇಡ ಸರ್. ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ, ರೈಡ್ 30 ಸೆಕೆಂಡ್. ಫುಟ್‌ಬಾಲ್, ಹಾಕಿಯಂತೆ ದೊಡ್ಡ ಮೈದಾನದಲ್ಲಿ ಓಡುವವರಿಗೆ ಅದು ಸರಿ. ಇಷ್ಟು ಜಾಗದಲ್ಲಿ ಪಟ್ ಅಂತ ತಿರುಗುವುದು, ಹಿಡಿಯುವುದು, ಒದೆಯುವುದು ಅದಕ್ಕೆ ಸರಿಯಾಗಿ ಸಿಗುವುದಿಲ್ಲ. ಒಳಾಂಗಣದಲ್ಲಂತೂ ಸ್ಯಾಟಲೈಟ್ ಸಿಗ್ನಲ್ಲೇ ಬರಲ್ಲ. ದಾನಿಗಳ ಹತ್ತಿರ ಮ್ಯಾಟ್ ಕೇಳಿ, ಇಲ್ಲಾ ಹುಡುಗರಿಗೆ ದಿನಾ ಎರಡು ಮೊಟ್ಟೆ.

ಬೆವರು:
ನಾನು ಸ್ಟ್ರೆಂತ್ ಟ್ರೇನರ್, ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಆ 2 ಸೆಂ.ಮೀ. ವಿಷಯ. ಅದು ಸುಸ್ತೋ ಅಥವಾ ಸುಮ್ನೆ ಏರಿಳಿತವೋ ಅಂತ ಒಂದೇ ಅಳತೆಯಿಂದ ಹೇಳಲು ಆಗುವುದಿಲ್ಲ. ಹುಡುಗರು ಚೆನ್ನಾಗಿ ರೆಸ್ಟ್ ಮಾಡಿರುವಾಗ, ಮಧ್ಯೆ ಭಾರಿ ಪ್ರಾಕ್ಟೀಸ್ ಇಲ್ಲದೆ, ಬೇರೆ ಬೇರೆ ದಿನ ಇದೇ ಟೆಸ್ಟ್ ಮಾಡಿಸಿ. ಏನೂ ಬದಲಾಗದಿದ್ದರೂ ನಂಬರ್ ಎಷ್ಟು ಅಲ್ಲಾಡುತ್ತದೆ ನೋಡಿ. ಅದೇ 2 ಸೆಂ.ಮೀ. ಅಲ್ಲಾಡಿದರೆ ನಿಮ್ಮ 46, 44 ಎರಡೂ ಒಂದೇ. ಸುಣ್ಣದ ಗುರುತಿನಲ್ಲಿ ಕೈ ಬೀಸುವ ರೀತಿ, ಬೆರಳು ಯಾವಾಗ ಗೋಡೆಗೆ ತಾಗಿತು ಅನ್ನೋದೂ ಸೇರಿಕೊಳ್ಳುತ್ತದೆ, ಹಾಗಾಗಿ ಸೊಂಟದ ಮೇಲೆ ಕೈ ಇಟ್ಟು ಹಾರಿಸಿ, ಫೋನಿನ ಸ್ಲೋ ಮೋಷನ್‌ನಲ್ಲಿ ಪಾದ ನೆಲ ಬಿಟ್ಟ ಕ್ಷಣದಿಂದ ಮತ್ತೆ ಮುಟ್ಟಿದ ಕ್ಷಣದವರೆಗೆ ಎಣಿಸಿ. ಆ ಸಮಯದ ವರ್ಗವನ್ನು 9.81ರಿಂದ ಗುಣಿಸಿ 8ರಿಂದ ಭಾಗಿಸಿದರೆ ಎತ್ತರ ಮೀಟರಿನಲ್ಲಿ ಬರುತ್ತದೆ. 0.60 ಸೆಕೆಂಡ್ ಅಂದರೆ 44 ಸೆಂ.ಮೀ. 0.61 ಆದರೆ 45.6. ಅಂದರೆ ಸೆಕೆಂಡಿನ ನೂರನೇ ಒಂದು ಭಾಗಕ್ಕೇ ಒಂದೂವರೆ ಸೆಂ.ಮೀ. ವ್ಯತ್ಯಾಸ! ಸೆಕೆಂಡಿಗೆ 240 ಫ್ರೇಮ್ ಇರುವ ವಿಡಿಯೋ ಇದಕ್ಕೆ ಸಾಕು. ಮಾಮೂಲಿ 30 ಫ್ರೇಮ್‌ನ ವಿಡಿಯೋದಲ್ಲಿ ಒಂದು ಫ್ರೇಮ್ ತಪ್ಪಿದರೆ 5 ಸೆಂ.ಮೀ. ಹೋಯಿತು. ಇಳಿಯುವಾಗ ಮೊಣಕಾಲು ಮಡಚಿಕೊಂಡು ಗಾಳಿಯಲ್ಲೇ ಸಮಯ ಕದಿಯುವ ಜಾಣರೂ ಇರುತ್ತಾರೆ, ಆ ಹಾರಾಟ ಲೆಕ್ಕಕ್ಕಿಲ್ಲ.

ಬೀಪ್ ಟೆಸ್ಟ್ ವಾರಾ ವಾರಾ ಯಾಕೆ? ಗಂಟೆಗೆ 8.5 ಕಿ.ಮೀ.ಯಿಂದ ಶುರುವಾಗಿ ನಿಮಿಷಕ್ಕೆ ಅರ್ಧ ಕಿ.ಮೀ. ಏರುತ್ತಾ ಹೋಗುತ್ತದೆ, ಕೊನೆವರೆಗೂ ಓಡಿದವನಿಗೆ ಅದೇ ಒಂದು ಭಾರಿ ಪ್ರಾಕ್ಟೀಸ್. ಒಂದು ವಾರದಲ್ಲಿ ದಮ್ಮು ಬದಲಾಗುವುದೂ ಇಲ್ಲ. ಗಿಡ ನೆಟ್ಟು ದಿನಾ ಕಿತ್ತು ಬೇರು ನೋಡಿದ ಹಾಗೆ ಆಗುತ್ತದೆ. ಆರೆಂಟು ವಾರಕ್ಕೊಮ್ಮೆ ಸಾಕು. ಸ್ಕ್ವಾಟ್‌ಗೂ ಗರಿಷ್ಠ ತೂಕ ಹೊರಿಸಬೇಡಿ. 60 ಕೆಜಿ 5 ಸಲ ಎತ್ತಿದರೆ, 5ನ್ನು 30ರಿಂದ ಭಾಗಿಸಿ 1 ಕೂಡಿಸಿ 60ರಿಂದ ಗುಣಿಸಿ, ಅಂದಾಜು 70 ಕೆಜಿ. ಹತ್ತಕ್ಕಿಂತ ಜಾಸ್ತಿ ಸಲ ಎತ್ತಿದ್ದರೆ ಈ ಲೆಕ್ಕ ನಂಬಬೇಡಿ.

ದಿನಾ ಬೇಕಿರುವುದು ಒಂದೇ. ಪ್ರಾಕ್ಟೀಸ್ ಮುಗಿದು ಅರ್ಧ ಗಂಟೆ ಆದ ಮೇಲೆ ಇವತ್ತು ಎಷ್ಟು ಕಷ್ಟ ಆಯಿತು ಅಂತ 0ಯಿಂದ 10ರೊಳಗೆ ಕೇಳಿ, ನಿಮಿಷಗಳಿಂದ ಗುಣಿಸಿ. 90 ನಿಮಿಷ, 6 ಅಂದರೆ 540, ಅದೇ ಆ ದಿನ ಅವನ ಮೇಲೆ ಬಿದ್ದ ಹೊರೆ. ಜೊತೆಗೆ ರಾತ್ರಿ ನಿದ್ದೆ ಹೇಗಿತ್ತು ಅಂತ ಕೇಳಿ. ಬೆಳಗ್ಗೆ ಐದಕ್ಕೆ ಎದ್ದು ಕುಣಿಗಲ್‌ನಿಂದ ಬಸ್ ಹಿಡಿಯುವವನಿಗೆ ಆ ಪ್ರಶ್ನೆಯೇ ಮುಖ್ಯ.

ತಿಪಟೂರು ಪಿಟಿ:
ಮೇಡಂ ಹೇಳಿದ್ದು ಸರಿ, ಆದರೆ ಹುಡುಗರು ನಿಜ ಹೇಳುತ್ತಾರೆ ಅಂದುಕೊಂಡಿದ್ದೀರಲ್ಲಾ! ಸೆಲೆಕ್ಷನ್ ಹತ್ತಿರ ಬಂದರೆ ಮೊಣಕಾಲು ಊದಿದವನೂ ‘ಆರಾಮ್ ಸರ್’ ಅನ್ನುತ್ತಾನೆ. ಒಬ್ಬೊಬ್ಬರನ್ನೇ ಕೇಳಿ, ಈ ನಂಬರ್ ನೋಡಿ ಯಾರನ್ನೂ ತಂಡದಿಂದ ಬಿಡುವುದಿಲ್ಲ ಅಂತ ಮೊದಲೇ ಹೇಳಿ, ಹಾಗೇ ನಡೆದುಕೊಳ್ಳಿ. 30 ಮೀಟರ್ ಓಟಕ್ಕೆ ಸ್ಟಾಪ್‌ವಾಚ್ ಯಾವಾಗಲೂ ಒಬ್ಬರ ಕೈಯಲ್ಲೇ ಇರಲಿ. ಒಂದು ವಾರ ಮಹಾತ್ಮ ಗಾಂಧಿ ಸ್ಟೇಡಿಯಂನಲ್ಲಿ, ಇನ್ನೊಂದು ವಾರ ಕಾಲೇಜಿನ ಮಣ್ಣಿನಲ್ಲಿ ಓಡಿಸಿ ಹೋಲಿಸಬೇಡಿ.

ಗುಬ್ಬಿ ರೈಡರ್:
ತುಂಬಾ ಥ್ಯಾಂಕ್ಸ್. ಹಾಗಾದರೆ ಜಂಪ್ ವಾರಕ್ಕೊಮ್ಮೆ, ಉಳಿದದ್ದು ಅಪರೂಪಕ್ಕೆ. ನಿಜವಾಗಿ ಸುಸ್ತಾಗಿದ್ದಾನೆ ಅಂತ ಯಾವಾಗ ತೀರ್ಮಾನ ಮಾಡಲಿ? ಭಾನುವಾರ ಟೂರ್ನಮೆಂಟ್ ಇದ್ದರೆ ಸೋಮವಾರ ಹಾರಿಸಬಹುದಾ?

ಬೆವರು:
ಜಂಪ್ ಅವನ ಮಾಮೂಲಿ ಏರಿಳಿತಕ್ಕಿಂತ ಕೆಳಗೆ ಬಿದ್ದು ಮುಂದಿನ ಸಲವೂ ಅಲ್ಲೇ ಇದ್ದರೆ, ಅದೇ ಪ್ರಾಕ್ಟೀಸಿಗೆ ಮೊದಲು 6 ಅಂದವನು ಈಗ 8 ಅಂದರೆ, ನಿದ್ದೆಯೂ ಕೆಟ್ಟಿದ್ದರೆ, ಮೂರೂ ಒಟ್ಟಿಗೆ ಬಂದಾಗ ಕೆಲವು ದಿನ ರೈಡ್, ಜಂಪ್ ಅರ್ಧಕ್ಕೆ ಇಳಿಸಿ. ಬರೀ ಒಂದು ಕೆಟ್ಟರೆ ಅವನ ಹತ್ತಿರ ಮಾತಾಡಿ, ಸಾಕು. ಟೂರ್ನಮೆಂಟ್ ಮಾರನೇ ದಿನ ಎಲ್ಲರದೂ ಬಿದ್ದಿರುತ್ತದೆ, ಅದನ್ನು ಮಾಮೂಲಿ ವಾರದ ಜೊತೆ ಹೋಲಿಸಬೇಡಿ. ಆ ವಾರ ಬುಧವಾರ ಹಾರಿಸಿ.