ಎಚ್‌ಐವಿಯ ಎಆರ್‌ಟಿ ಮಾತ್ರೆ ತಪ್ಪಿಸಿಲ್ಲ, ಆದರೂ ಗರ್ಭಕೋಶದ ಬಾಯಿಯ ಪರೀಕ್ಷೆ ಬೇಕಾ ಮೇಡಂ?

ಪ್ರಶ್ನೆ (ಹೆಸರು ಹಾಕಬೇಡಿ ಎಂದಿದ್ದಾರೆ): ಮೇಡಂ, ನನಗೆ 36 ವರ್ಷ. ಪೀಣ್ಯದಲ್ಲಿ ಗಾರ್ಮೆಂಟ್ಸ್ ಕೆಲಸ. ಎಚ್‌ಐವಿ ಇದೆ ಅಂತ ಗೊತ್ತಾಗಿ 9 ವರ್ಷ ಆಯಿತು. ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ. ರಕ್ತದಲ್ಲಿ ಎಚ್‌ಐವಿ ಎಷ್ಟಿದೆ ಅಂತ ನೋಡುವ ವೈರಲ್ ಲೋಡ್ ಕೂಡ ಚೆನ್ನಾಗಿ ಬಂದಿದೆ. ಆದರೆ ನನ್ನ ಜೊತೆ ಎಆರ್‌ಟಿ ಸೆಂಟರಿಗೆ ಬರುವ ಒಬ್ಬ ಅಕ್ಕನಿಗೆ ಈಗ ಗರ್ಭಕೋಶದ ಬಾಯಿ ಕ್ಯಾನ್ಸರ್ ಅಂದಿದ್ದಾರೆ. ಭಯ ಆಗಿ ಮನೆ ಹತ್ತಿರದ ಒಂದು ನರ್ಸಿಂಗ್ ಹೋಮ್‌ಗೆ ಹೋದೆ. "ಬ್ಲೀಡಿಂಗ್ ಇಲ್ಲ, ಬಿಳಿ ಹೋಗ್ತಿಲ್ಲ, ಮತ್ಯಾಕಮ್ಮ ಟೆಸ್ಟು?" ಎಂದು ವಾಪಸ್ ಕಳಿಸಿದರು. ಎಚ್‌ಐವಿ ವಿಷಯ ನಾನು ಬಾಯಿ ಬಿಡಲಿಲ್ಲ. ಈಗ ಏನು ಮಾಡಲಿ?

ಉತ್ತರ (ಸ್ತ್ರೀರೋಗ ತಜ್ಞೆ): ಪರೀಕ್ಷೆ ಬೇಕೇ ಬೇಕು. ನಿಮ್ಮನ್ನು ವಾಪಸ್ ಕಳಿಸಿದ್ದು ತಪ್ಪು. ಎಚ್‌ಐವಿ ಇಲ್ಲದವರೂ 30 ದಾಟಿದ ಮೇಲೆ ಇದನ್ನು ಮಾಡಿಸಬೇಕು. ಏನೂ ತೊಂದರೆ ಇಲ್ಲದಿರುವಾಗಲೇ ಮಾಡಿಸುವ ಪರೀಕ್ಷೆ ಇದು. ಗಂಡನ ಜೊತೆ ಸೇರಿದ ಮೇಲೆ ರಕ್ತ ಕಾಣುವುದು, ವಯಸ್ಸಾಗಿ ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಹೋಗುವುದು, ವಾಸನೆಯ ಬಿಳಿ ಹೋಗುವುದು, ಇವೆಲ್ಲ ಬರುವ ಹೊತ್ತಿಗೆ ಎಷ್ಟೋ ಸಲ ಕಾಯಿಲೆ ಮುಂದೆ ಹೋಗಿರುತ್ತದೆ.

ಈ ಕ್ಯಾನ್ಸರಿಗೆ ಕಾರಣ ಎಚ್‌ಪಿವಿ ಎಂಬ ವೈರಸ್. ಲೈಂಗಿಕ ಸಂಪರ್ಕದಿಂದ ಬರುತ್ತದೆ. ಹೆಚ್ಚಿನವರಿಗೆ ಒಂದಲ್ಲ ಒಂದು ಸಲ ಬಂದು, ಒಂದೆರಡು ವರ್ಷದಲ್ಲಿ ಗೊತ್ತೇ ಆಗದ ಹಾಗೆ ಹೋಗಿಬಿಡುತ್ತದೆ. ಮೈಯ ಶಕ್ತಿ ಅದನ್ನು ಓಡಿಸುತ್ತದೆ. ಎಚ್‌ಐವಿಯಿಂದ ಆ ಶಕ್ತಿ ಕುಗ್ಗಿದ್ದರೆ ಎಚ್‌ಪಿವಿ ಅಲ್ಲೇ ಬೇರೂರುತ್ತದೆ. ಹಾಗೆ ವರ್ಷಗಟ್ಟಲೆ ಉಳಿದಾಗ ಗರ್ಭಕೋಶದ ಬಾಯಿಯ ಜೀವಕೋಶಗಳು ಕೆಡುತ್ತಾ ಬರುತ್ತವೆ. ಸಾಮಾನ್ಯವಾಗಿ ಇದು ಕ್ಯಾನ್ಸರ್ ಆಗಲು 15ರಿಂದ 20 ವರ್ಷ ಬೇಕು. ಚಿಕಿತ್ಸೆ ಇಲ್ಲದೆ ಮೈ ಸೋತಿದ್ದರೆ 5ರಿಂದ 10 ವರ್ಷ ಸಾಕು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಎಚ್‌ಐವಿ ಇರುವ ಹೆಂಗಸರಿಗೆ ಈ ಕ್ಯಾನ್ಸರಿನ ಅಪಾಯ 6 ಪಟ್ಟು ಜಾಸ್ತಿ. ಅದಕ್ಕೇ ನಿಮ್ಮಂಥವರು 25ನೇ ವಯಸ್ಸಿಗೇ ಪರೀಕ್ಷೆ ಶುರು ಮಾಡಬೇಕು, 3ರಿಂದ 5 ವರ್ಷಕ್ಕೊಮ್ಮೆ ಮಾಡಿಸುತ್ತಿರಬೇಕು ಎಂದು ಅದು ಹೇಳುತ್ತದೆ.

ಮಾತ್ರೆ ತಪ್ಪಿಸಿಲ್ಲ ಅಂದಿರಲ್ಲ, ಅದರಿಂದ ಅಪಾಯ ಖಂಡಿತ ಕಡಿಮೆ ಆಗುತ್ತದೆ. ಆದರೆ ಆ ಮಾತ್ರೆ ಎಚ್‌ಐವಿಗೆ, ಎಚ್‌ಪಿವಿಗಲ್ಲ. ಮಾತ್ರೆ ಶುರುವಾಗುವ ಮೊದಲೇ ಎಚ್‌ಪಿವಿ ಸೇರಿಕೊಂಡಿರಬಹುದು. ವೈರಲ್ ಲೋಡ್ ಚೀಟಿಯಲ್ಲಿ ಅದು ಕಾಣುವುದಿಲ್ಲ. "ರಿಪೋರ್ಟ್ ಎಲ್ಲ ಚೆನ್ನಾಗಿದೆ ಮೇಡಂ" ಎನ್ನುವವರಿಗೆ ನಾನು ದಿನಾ ಹೇಳಿ ಹೇಳಿ ಸಾಕಾಗುವುದು ಇದೊಂದೇ ಮಾತು.

ಮುಂದಿನ ಸಲ ಮಾತ್ರೆಗೆ ಹೋದಾಗ ಎಆರ್‌ಟಿ ಸೆಂಟರಿನಲ್ಲೇ ಕೇಳಿ, ಬರೆದುಕೊಡುತ್ತಾರೆ. ವಿಕ್ಟೋರಿಯಾ ಆಸ್ಪತ್ರೆಗೆ ಹೋಗುವವರಾದರೆ ವಾಣಿ ವಿಲಾಸ ಆಸ್ಪತ್ರೆ ಪಕ್ಕದಲ್ಲೇ ಇದೆ, ಅಲ್ವಾ? ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲೂ ನೋಡುತ್ತಾರೆ.

ಪ್ರಶ್ನೆ (ಮೊದಲು ಕೇಳಿದ ಅಕ್ಕ): ನೋವಾಗುತ್ತಾ? ಎಚ್‌ಐವಿ ಇದೆ ಅಂತ ಹೇಳಲೇಬೇಕಾ?

ಉತ್ತರ: ಕಿರಿಕಿರಿ ಆಗುತ್ತದೆ, ನೋವು ಅನ್ನುವಷ್ಟು ಇಲ್ಲ. ಐದು ನಿಮಿಷದ ಕೆಲಸ. ಕೆಲವು ಕಡೆ ವಿನೆಗರ್ ಥರದ ದ್ರಾವಣ ಹಚ್ಚಿ ಬಿಳಿ ಮಚ್ಚೆ ಏಳುತ್ತದಾ ಎಂದು ನೋಡುತ್ತಾರೆ. ಕೆಲವು ಕಡೆ ಪ್ಯಾಪ್ ಸ್ಮಿಯರ್, ಅಂದರೆ ಅಲ್ಲಿನ ಜೀವಕೋಶ ಒರೆಸಿ ತೆಗೆದು ನೋಡುವುದು. ವೈರಸ್ಸನ್ನೇ ಹುಡುಕುವ ಎಚ್‌ಪಿವಿ ಡಿಎನ್‌ಎ ಪರೀಕ್ಷೆ ಸಿಕ್ಕರೆ ನನ್ನ ಆಯ್ಕೆ ಅದೇ. ಆದರೆ ಅದಕ್ಕೆ ಕಾಯುತ್ತಾ ವರ್ಷ ಕಳೆಯಬೇಡಿ, ಇವತ್ತು ಸಿಗುವುದನ್ನು ಮಾಡಿಸಿ.

ಎಚ್‌ಐವಿ ವಿಷಯ ಹೇಳಿದರೆ ಒಳ್ಳೆಯದು. ಎಷ್ಟು ದಿನಕ್ಕೆ ಮತ್ತೆ ಬರಬೇಕು, ಮುಂದೆ ಏನು ಮಾಡಬೇಕು ಎನ್ನುವುದು ಅದರ ಮೇಲೆ ಬದಲಾಗುತ್ತದೆ. ನಿಮ್ಮ ಒಪ್ಪಿಗೆ ಇಲ್ಲದೆ ಅದನ್ನು ಬೇರೆಯವರಿಗೆ ಹೇಳುವ ಹಾಗಿಲ್ಲ, ಚಿಕಿತ್ಸೆಯಲ್ಲಿ ಭೇದ ಮಾಡುವ ಹಾಗೂ ಇಲ್ಲ. 2017ರ ಎಚ್‌ಐವಿ ಕಾನೂನು ನಿಮ್ಮ ಪರವಾಗಿದೆ. ಯಾರಾದರೂ ಮುಖ ಸಿಂಡರಿಸಿದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ ವಿಚಾರಿಸಿ, ದುಡ್ಡು ಕೊಡಬೇಕಿಲ್ಲ.

ಪ್ರಶ್ನೆ (ಇನ್ನೊಬ್ಬರು): ನನಗೆ ಎಚ್‌ಪಿವಿ ಪಾಸಿಟಿವ್ ಬಂದಿದೆ. ಎಚ್‌ಐವಿ ಜೊತೆಗೆ ಇನ್ನೊಂದು ಪಾಸಿಟಿವ್ ಹೊರುವ ಶಕ್ತಿ ನನಗಿಲ್ಲ ಮೇಡಂ. ಗಂಡನಿಂದಲೇ ಬಂತಾ ಅಂತ ಮನೆಯಲ್ಲಿ ಜಗಳ ಬೇರೆ.

ಉತ್ತರ: ಆ ಪದ ಕಿವಿಗೆ ಬಿದ್ದರೆ ಎದೆ ಧಸಕ್ಕೆನ್ನುವುದು ನನಗೂ ಗೊತ್ತು. ಆದರೆ ಇದು ಕ್ಯಾನ್ಸರ್ ಅಂತ ಅಲ್ಲ. ವೈರಸ್ ಇದೆ, ಇನ್ನೊಮ್ಮೆ ಹತ್ತಿರದಿಂದ ನೋಡಬೇಕು ಅಂತ ಅಷ್ಟೇ. ಗರ್ಭಕೋಶದ ಬಾಯಿಯನ್ನು ಕಾಲ್ಪೋಸ್ಕೋಪ್‌ನಲ್ಲಿ ದೊಡ್ಡದು ಮಾಡಿ ನೋಡುತ್ತಾರೆ. ಕೆಟ್ಟ ಜಾಗ ಕಂಡರೆ ಅಷ್ಟನ್ನೇ ಬಿಸಿ ಕೊಟ್ಟು ಸುಡಬಹುದು, ಇಲ್ಲವೇ ಸಣ್ಣ ತಂತಿಯಲ್ಲಿ ಕತ್ತರಿಸಿ ತೆಗೆಯಬಹುದು. ಸಾಮಾನ್ಯವಾಗಿ ಅದೇ ದಿನ ಮನೆಗೆ ಹೋಗಬಹುದು. ಎಚ್‌ಐವಿ ಇದ್ದವರಲ್ಲಿ ಅದು ಮತ್ತೆ ಬರುವುದು ಜಾಸ್ತಿ. ಹಾಗಾಗಿ ಒಂದು ವರ್ಷ ಬಿಟ್ಟು ಮತ್ತೆ ತೋರಿಸುವುದನ್ನು ಮರೆಯಬೇಡಿ.

ಜಗಳದ ವಿಷಯ: ಈ ವೈರಸ್ ವರ್ಷಗಟ್ಟಲೆ ಸುಮ್ನೆ ಕೂತಿರಬಲ್ಲದು. ಯಾವಾಗ ಬಂತು, ಯಾರಿಂದ ಬಂತು ಅಂತ ಯಾವ ಡಾಕ್ಟರೂ ಹೇಳಲಾರರು. ರಿಪೋರ್ಟ್ ಹಿಡಿದು ಮನೆಯಲ್ಲಿ ಪಂಚಾಯಿತಿ ಮಾಡಿ ಪ್ರಯೋಜನವಿಲ್ಲ.

ಪ್ರಶ್ನೆ (ಮೂರನೆಯವರು): ಎಚ್‌ಪಿವಿ ಲಸಿಕೆ ಹಾಕಿಸಿದರೆ ಆಯಿತಲ್ಲ? ಮಗಳಿಗೆ 12. ಅವಳಿಗೆ ಎಚ್‌ಐವಿ ಇಲ್ಲ.

ಉತ್ತರ: ಮಗಳಿಗೆ ಹಾಕಿಸಿ, ಇದೇ ಸರಿಯಾದ ವಯಸ್ಸು. ನಮ್ಮ ದೇಶದ್ದೇ ಆದ ಸರ್ವಾವ್ಯಾಕ್ ಲಸಿಕೆ 2023ರಿಂದ ಸಿಗುತ್ತಿದೆ. 9ರಿಂದ 14 ವರ್ಷದವರಿಗೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್. ಎಚ್‌ಐವಿ ಇರುವ ಹುಡುಗಿಯಾದರೆ ಮೂರು ಡೋಸ್ ಹಾಕಿಸಬೇಕು. ಇದರಲ್ಲಿ ಜೀವಂತ ವೈರಸ್ ಇಲ್ಲ, ಹೆದರಬೇಡಿ. ಆದರೆ ನಿಮ್ಮಲ್ಲಿ ಈಗಾಗಲೇ ಸೇರಿರುವ ಎಚ್‌ಪಿವಿಯನ್ನು ಲಸಿಕೆ ಓಡಿಸುವುದಿಲ್ಲ. ನಿಮಗೆ ಪರೀಕ್ಷೆ ತಪ್ಪಿದ್ದಲ್ಲ.

ಪ್ರಶ್ನೆ (ಮೊದಲ ಅಕ್ಕ): ಸೋಮವಾರ ರಜೆ ಕೇಳಿದ್ದೇನೆ ಮೇಡಂ. ಏನಾದರೂ ಪಥ್ಯ?

ಉತ್ತರ: ಪಥ್ಯ ಇಲ್ಲ, ತಿಂಡಿ ತಿಂದೇ ಹೋಗಿ. ಮುಟ್ಟಿನ ದಿನ ಬೇಡ. ಹಿಂದಿನ ಎರಡು ದಿನ ಗಂಡನ ಜೊತೆ ಸೇರುವುದು, ಒಳಗೆ ಔಷಧಿ ಇಡುವುದು ಬೇಡ. ಚೂಡಿದಾರಕ್ಕಿಂತ ಸೀರೆ ಉಟ್ಟು ಹೋದರೆ ಸುಲಭ.